ರಾಬರ್ಟ್ ಗ್ರಿಮ್: ಸೆರೆಮನೆಯಲ್ಲಿ ಕುಳಿತು ದೇಶದ ಚರಿತ್ರೆ ಬರೆದ ಸ್ವಿಸ್ ಸಮಾಜವಾದಿ

ಧಾರವಾಡದ ಓದುಗ

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧದ ಕಾಲದ ಸಮಾಜವಾದಿ ಚಳವಳಿಯ ಬಗ್ಗೆ ಏನನ್ನೇ ಓದಲು ಕೂತರೂ ರಾಬರ್ಟ್ ಗ್ರಿಮ್ ಎಂಬ ಹೆಸರು ಎದುರಾಗುತ್ತದೆ. ಆದರೆ ಬರೆದವರು ಅಲ್ಲಿ ನಿಲ್ಲದೆ ಲೆನಿನ್ ಕಡೆಗೋ ಟ್ರಾಟ್‌ಸ್ಕಿ ಕಡೆಗೋ ಹೊರಟುಬಿಡುತ್ತಾರೆ. ಕೆಲವು ತಿಂಗಳಿಂದ ನಾನು ಈ ಮನುಷ್ಯನ ಬೆನ್ನು ಹತ್ತಿದ್ದೇನೆ. ನಮ್ಮ ಓದುಗರ ಬಳಗದಲ್ಲಿ ಅವರ ಮೇಲೆ ಒಂದು ಗಂಟೆ ಮಾತಾಡುವ ಹೊಣೆ ನನ್ನ ಮೇಲಿದೆ. ಬಲ್ಲವರು ಇಲ್ಲಿ ತಿದ್ದಿದರೆ, ಸೇರಿಸಿದರೆ ದೊಡ್ಡ ಉಪಕಾರವಾಗುತ್ತದೆ.

ನನಗೆ ತಿಳಿದಷ್ಟನ್ನು ಮೊದಲು ಹೇಳುತ್ತೇನೆ. ಗ್ರಿಮ್ ಹುಟ್ಟಿದ್ದು 1881ರ ಏಪ್ರಿಲ್ 16ರಂದು, ಜ್ಯೂರಿಕ್ ಪ್ರಾಂತ್ಯದ ಗುಡ್ಡಗಾಡಿನ ವಾಲ್ಡ್ ಎಂಬ ಜವಳಿ ಗಿರಣಿಗಳ ಊರಿನ ಒಂದು ಕಾರ್ಮಿಕ ಕುಟುಂಬದಲ್ಲಿ. ಮುದ್ರಣದ ಕೆಲಸ ಕಲಿತು, ಆ ಕಾಲದ ರೂಢಿಯಂತೆ ಊರೂರು ತಿರುಗುವ ಕಸಬುದಾರರಾಗಿ ನೆರೆಯ ದೇಶಗಳ ಅಚ್ಚುಕೂಟಗಳಲ್ಲಿ ದುಡಿದರು. ಬಾಸೆಲ್‌ನಲ್ಲಿ ಕಾರ್ಮಿಕರ ಕಾರ್ಯದರ್ಶಿಯಾಗಿದ್ದಾಗ, 1906ರಲ್ಲಿ, ರಾಜಕೀಯ ಸಾಮೂಹಿಕ ಮುಷ್ಕರದ ಬಗ್ಗೆ ಒಂದು ಕಿರುಹೊತ್ತಗೆ ಬರೆದರು. ಆಗ ಅವರಿಗೆ ಇಪ್ಪತ್ತೈದು ವರ್ಷ. 1909ರಲ್ಲಿ ಬರ್ನ್ ನಗರದ ಸಮಾಜವಾದಿ ದಿನಪತ್ರಿಕೆ 'ಬರ್ನರ್ ಟಾಗ್‌ವಾಹ್ಟ್'ನ ಸಂಪಾದಕರಾದರು, 1911ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಆಯ್ಕೆಯಾದರು. 1915ರಲ್ಲಿ ಯುದ್ಧವಿರೋಧಿ ಸಮಾಜವಾದಿಗಳನ್ನು ಜಿಮ್ಮರ್‌ವಾಲ್ಡ್‌ನಲ್ಲಿ ಒಂದೆಡೆ ಕೂಡಿಸಿದವರು ಅವರೇ. 1918ರ ನವೆಂಬರಿನಲ್ಲಿ ಇಡೀ ಸ್ವಿಟ್ಜರ್ಲೆಂಡ್ ಸ್ತಬ್ಧವಾದಾಗ ಮುಷ್ಕರದ ಸಮಿತಿಯ ಅಧ್ಯಕ್ಷರೂ ಅವರೇ. ಅದಕ್ಕಾಗಿ ಸೈನಿಕ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿತು. ಆ ಆರು ತಿಂಗಳಲ್ಲಿ ಅವರು ಸ್ವಿಟ್ಜರ್ಲೆಂಡಿನ ಚರಿತ್ರೆಯನ್ನು ವರ್ಗಸಂಘರ್ಷಗಳ ಚರಿತ್ರೆಯಾಗಿ ಬರೆದರು. ಪುಸ್ತಕ 1920ರಲ್ಲಿ ಹೊರಬಂತು.

ಇದೇ ವ್ಯಕ್ತಿ 1938ರಲ್ಲಿ ಬರ್ನ್ ಪ್ರಾಂತ್ಯದ ಮಂತ್ರಿಯಾದರು. ಎರಡನೆಯ ಮಹಾಯುದ್ಧದಲ್ಲಿ ದೇಶದ ಕಲ್ಲಿದ್ದಲು ಮತ್ತು ವಿದ್ಯುತ್ತಿನ ಹಂಚಿಕೆಯನ್ನು ನೋಡಿಕೊಂಡರು, ಯುದ್ಧ ಮುಗಿದ ಬಳಿಕ ಸಂಸತ್ತಿನ ಅಧ್ಯಕ್ಷ ಪೀಠದಲ್ಲಿ ಕುಳಿತರು. ಬಹಳ ಮಂದಿ ಇದನ್ನು ಎರಡು ಬೇರೆ ಬೇರೆ ಬದುಕು ಎಂಬಂತೆ ಬರೆಯುತ್ತಾರೆ: ಯೌವನದ ಬೆಂಕಿ, ಮುಪ್ಪಿನ ರಾಜಿ. ನನಗೆ ಹಾಗನ್ನಿಸುವುದಿಲ್ಲ. ನಡುವೆ ಇರುವ ಆ ಸೆರೆಮನೆಯ ಪುಸ್ತಕವೇ ಎರಡನ್ನೂ ಕಟ್ಟಿರುವ ಗಂಟು ಎಂಬುದು ನನ್ನ ಅನಿಸಿಕೆ. ನೀವು ಏನೆನ್ನುತ್ತೀರಿ?

ಅಚ್ಚುಮೊಳೆ

ಓದುಗರೇ, ನಾನು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷ ಮೊಳೆ ಜೋಡಿಸಿದವನು. ಆದ್ದರಿಂದ ನೀವು ಒಂದೇ ವಾಕ್ಯದಲ್ಲಿ ದಾಟಿಹೋದ ಮುದ್ರಣದ ಕೆಲಸದ ಬಗ್ಗೆ ಎರಡು ಮಾತು ಹೇಳಲು ಅವಕಾಶ ಕೊಡಿ.

ಕಾರ್ಮಿಕ ಚಳವಳಿಯ ಮುಂದಾಳುಗಳಲ್ಲಿ ಮುದ್ರಣದವರು ಎಲ್ಲ ದೇಶಗಳಲ್ಲೂ ಇಷ್ಟೊಂದು ಸಂಖ್ಯೆಯಲ್ಲಿ ಕಾಣಿಸುವುದು ಆಕಸ್ಮಿಕವಲ್ಲ. ನಮ್ಮ ಕೆಲಸದಲ್ಲಿ ಓದದೆ ಗತಿಯಿಲ್ಲ. ಒಂದು ಕೈಯಲ್ಲಿ ಸ್ಟಿಕ್ ಹಿಡಿದು, ಇನ್ನೊಂದು ಕೈಯಿಂದ ಕೇಸಿನ ಮನೆಗಳಿಂದ ಮೊಳೆ ಹೆಕ್ಕುತ್ತಾ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಸಾಲನ್ನು ಕಣ್ಣಿನಲ್ಲೇ ನೇರಮಾಡಿಕೊಂಡು ಓದಬೇಕು. ಊರಿನ ಪ್ರತಿಯೊಂದು ಕರಪತ್ರ, ಪ್ರತಿಯೊಂದು ಭಾಷಣ, ಪ್ರತಿಯೊಂದು ಕಾಯಿದೆ ಜನರ ಕೈಗೆ ಹೋಗುವ ಮೊದಲು ನಮ್ಮ ಕೈ ದಾಟಿ ಹೋಗುತ್ತದೆ. ಶಾಲೆ ಬಿಟ್ಟವನಿಗೂ ಅದೊಂದು ಶಾಲೆ. ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣ ಕಾರ್ಮಿಕರ ಸಂಘ ಹುಟ್ಟಿದ್ದು 1858ರಲ್ಲಿ. ಆ ದೇಶದ ಹಳೆಯ ಕಾರ್ಮಿಕ ಸಂಘಗಳಲ್ಲಿ ಅದೂ ಒಂದು. ಗ್ರಿಮ್ ಕಾಲಿಟ್ಟಾಗ ಅಲ್ಲಿ ಸಂಘಟನೆಯ ಸುಮಾರು ನಾಲ್ಕು ದಶಕಗಳ ಅನುಭವ ಆಗಲೇ ಕೂಡಿಬಿದ್ದಿತ್ತು.

ಅವರನ್ನು ಭಾಷಣಕಾರರೆಂದೋ ಸಿದ್ಧಾಂತಿಯೆಂದೋ ಕರೆಯುವುದಕ್ಕಿಂತ ಮೊದಲು ಪತ್ರಿಕೆ ನಡೆಸಿದವರೆಂದು ಕರೆಯಬೇಕು. ಯುದ್ಧದ ಸೆನ್ಸಾರಿನಿಂದಾಗಿ ಜರ್ಮನಿಯಲ್ಲಿ ಅಚ್ಚಾಗಲಾರದ್ದು ಬರ್ನ್‌ನ ಅವರ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಕ್ರಾಂತಿಕಾರಿ ಬರಹಗಾರ ಕಾರ್ಲ್ ರಾಡೆಕ್ 'ಪ್ಯಾರಾಬೆಲ್ಲಮ್' ಎಂಬ ಗುಪ್ತನಾಮದಲ್ಲಿ ಅಲ್ಲಿ ಬರೆದರು. ಒಂದು ಪ್ರಾಂತ್ಯದ ಪತ್ರಿಕೆ ಮೂರು ನಾಲ್ಕು ವರ್ಷಗಳ ಮಟ್ಟಿಗೆ ಯೂರೋಪಿನ ಯುದ್ಧವಿರೋಧಿಗಳ ಅಂಚೆಕಚೇರಿಯಾಯಿತು. ಜಿಮ್ಮರ್‌ವಾಲ್ಡ್‌ಗೆ ಯಾರನ್ನು ಕರೆಯಬೇಕು, ಯಾರು ಎಲ್ಲಿದ್ದಾರೆ, ಯಾರ ಕೈಗೆ ಕಾಗದ ತಲುಪೀತು ಎಂಬುದೆಲ್ಲ ಅವರಿಗೆ ಗೊತ್ತಿದ್ದುದು ಅದರಿಂದಲೇ.

ಆರೆ ದಂಡೆಯಿಂದ

ನಾನು ಹಾಸನದವಳು. ಹದಿನಾಲ್ಕು ವರ್ಷದಿಂದ ಬರ್ನ್‌ನಲ್ಲಿದ್ದೇನೆ. ಅಚ್ಚುಮೊಳೆ ಸರ್ ಹೇಳಿದ್ದು ಓದಿ ಬಹಳ ಸಂತೋಷವಾಯಿತು, ಏಕೆಂದರೆ ಇಲ್ಲಿನ ಬಹುಪಾಲು ಜನರೂ ಗ್ರಿಮ್ ಅವರ ಈ ಮುಖವನ್ನು ನೆನೆಯುವುದಿಲ್ಲ.

ಜಿಮ್ಮರ್‌ವಾಲ್ಡ್ ಬರ್ನ್‌ನಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದ ಗುಡ್ಡದ ಮೇಲಿನ ಹಳ್ಳಿ. 1915ರ ಸೆಪ್ಟೆಂಬರ್ 5ರಂದು ಪ್ರತಿನಿಧಿಗಳು ನಗರದ ಜನಭವನದ ಬಳಿ ಸೇರಿ ನಾಲ್ಕು ಕುದುರೆಗಾಡಿಗಳಲ್ಲಿ ಅಲ್ಲಿಗೆ ಹೋದರು. ಪೊಲೀಸರಿಗೂ ಗೂಢಚಾರರಿಗೂ ಸುಳಿವು ಸಿಗದಿರಲೆಂದು ಗ್ರಿಮ್ ಅವರು ಪಕ್ಷಿವೀಕ್ಷಕರ ಸಂಘವೊಂದರ ಹೆಸರಿನಲ್ಲಿ ವಸತಿಗೃಹದ ಕೋಣೆಗಳನ್ನು ಗೊತ್ತುಮಾಡಿದ್ದರು. ಸೇರಿದವರು 38 ಮಂದಿ, 11 ದೇಶಗಳವರು. ಎಲ್ಲ ದೇಶಗಳ ಕಾರ್ಮಿಕರನ್ನು ಒಂದುಗೂಡಿಸಲು ಕಟ್ಟಿದ ಮೊದಲ ಇಂಟರ್‌ನ್ಯಾಷನಲ್ ಎಂಬ ಸಂಘಟನೆ ಹುಟ್ಟಿ ಅರ್ಧ ಶತಮಾನವಾದರೂ ಅಂತರರಾಷ್ಟ್ರೀಯವಾದಿಗಳೆಲ್ಲರೂ ನಾಲ್ಕು ಗಾಡಿಗಳಲ್ಲಿ ಹಿಡಿಸುವಷ್ಟೇ ಇದ್ದರಲ್ಲಾ ಎಂದು ದಾರಿಯಲ್ಲಿ ತಾವೇ ನಕ್ಕದ್ದನ್ನು ಟ್ರಾಟ್‌ಸ್ಕಿ ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ನಾಲ್ಕು ದಿನ ಮಾತುಕತೆ ನಡೆಯಿತು. ಫ್ರೆಂಚ್ ಮತ್ತು ಜರ್ಮನ್ ಪ್ರತಿನಿಧಿಗಳು, ಅವರ ದೇಶಗಳ ಸೈನಿಕರು ಕಂದಕಗಳಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ, ಒಂದೇ ಮೇಜಿನ ಸುತ್ತ ಕುಳಿತು ಜಂಟಿ ಹೇಳಿಕೆಗೆ ಸಹಿ ಹಾಕಿದರು. ನನ್ನ ಮಟ್ಟಿಗೆ ಆ ಸಭೆಯ ತಿರುಳು ಅದೇ. ಯುದ್ಧವನ್ನು ಅಂತರ್ಯುದ್ಧವಾಗಿ ತಿರುಗಿಸಬೇಕೆಂಬ ಲೆನಿನ್ ಪಕ್ಷಕ್ಕೆ ಸಿಕ್ಕಿದ್ದು ಎಂಟೇ ಮಂದಿಯ ಬೆಂಬಲ; ಗ್ರಿಮ್ ಸೇರಿದ ಬಹುಮತ ಕೇಳಿದ್ದು ಮೊದಲು ಶಾಂತಿಯನ್ನು, ಪರರ ನೆಲ ಕಬಳಿಸದ, ದಂಡ ಹೇರದ ಶಾಂತಿಯನ್ನು.

ಆ ವಸತಿಗೃಹ ಈಗಿಲ್ಲ. ಹಳ್ಳಿಯವರಿಗೆ ಈ ನೆನಪು ಬಹಳ ಕಾಲ ಬೇಡದ ಹೊರೆಯಾಗಿತ್ತು. ಸೋವಿಯತ್ ಒಕ್ಕೂಟದಿಂದ ಮಕ್ಕಳು, ಶಾಲೆಗಳು ಲೆನಿನ್ ವಸ್ತುಸಂಗ್ರಹಾಲಯದ ವಿವರ ಕೇಳಿ ಕಾಗದ ಬರೆಯುತ್ತಿದ್ದರಂತೆ. ಪಂಚಾಯಿತಿ ಮಾತ್ರ 1960ರ ದಶಕದಲ್ಲಿ ಸ್ಮಾರಕ ಫಲಕಗಳನ್ನೇ ನಿಷೇಧಿಸಿತು. ಕಟ್ಟಡವನ್ನು 1971ರಲ್ಲಿ ಕೆಡವಿದರು. ನಾನು ಹೋದ ದಿನ ಗದ್ದೆಯ ಅಂಚಿನಲ್ಲಿ ಹಸುಗಳು ಕೊರಳಗಂಟೆ ಅಲ್ಲಾಡಿಸುತ್ತಾ ಮೇಯುತ್ತಿದ್ದವು, ಆಚೆಗೆ ಆಲ್ಪ್ಸ್ ಸಾಲು ಪೂರ್ತಿ ತೆರೆದುಕೊಂಡಿತ್ತು. ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದೆ. ಇನ್ನೊಂದು ಸಣ್ಣ ಸಂಗತಿ: 2004ರಲ್ಲಿ ಈ ಹಳ್ಳಿ ಪಕ್ಕದ ಎಂಗ್ಲಿಸ್‌ಬರ್ಗ್ ಜೊತೆ ಕೂಡಿಕೊಂಡಾಗ ಹೊಸ ಪಂಚಾಯಿತಿಗೆ ಇಟ್ಟ ಹೆಸರು ವಾಲ್ಡ್. ಗ್ರಿಮ್ ಹುಟ್ಟಿದ ಊರಿನ ಹೆಸರೂ ಅದೇ. ಬೇರೆ ಪ್ರಾಂತ್ಯ, ಬೇರೆ ಊರು, ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಕೆಂಪು ದಾಸವಾಳ

ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ ಹೊಗಳಿಕೆಯ ಕಡೆಗೇ ವಾಲುತ್ತಿದ್ದೀರಿ. ನನ್ನ ಪ್ರಶ್ನೆ ನೇರವಾಗಿದೆ. 1918ರ ನವೆಂಬರ್ 12ರಂದು ಸುಮಾರು ಎರಡೂವರೆ ಲಕ್ಷ ದುಡಿಯುವ ಜನ ಕೆಲಸ ನಿಲ್ಲಿಸಿದರು. ರೈಲುಗಳು ನಿಂತವು. ಅಂತಹ ಸಂಘಟಿತ ಶಕ್ತಿಯನ್ನು ಆ ದೇಶ ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಸರ್ಕಾರ 13ರಂದು ಅಂತಿಮ ಎಚ್ಚರಿಕೆ ಕೊಟ್ಟ ಕೂಡಲೇ ಗ್ರಿಮ್ ಅಧ್ಯಕ್ಷತೆಯ ಸಮಿತಿ ಆ ರಾತ್ರಿಯೇ ಬೇಷರತ್ತಾಗಿ ಮುಷ್ಕರ ಹಿಂತೆಗೆಯಿತು. ಒಂದೇ ಒಂದು ಬೇಡಿಕೆಯ ಮೇಲೂ ಲಿಖಿತ ಭರವಸೆ ಪಡೆಯಲಿಲ್ಲ. ಜ್ಯೂರಿಕ್‌ನ ಸಮಾಜವಾದಿ ಪತ್ರಿಕೆಯ ಸಂಪಾದಕ ಅರ್ನ್ಸ್ಟ್ ನೋಬ್ಸ್ ಅವರೇ, ಅಂದರೆ ಅದೇ ಚಳವಳಿಯ ಮುಂದಾಳೇ, ಈ ಶರಣಾಗತಿಯನ್ನು ಕಟುವಾಗಿ ಖಂಡಿಸಿ ಬರೆದರು. 14ರಂದು ಗ್ರೆಂಖೆನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಮೂವರು ಕಾರ್ಮಿಕರು ಬಲಿಯಾದರು. ಆ ಮೂವರ ಮನೆಯವರಿಗೆ ಆ ಸಮಿತಿ ಏನು ಉತ್ತರ ಕೊಡಬಲ್ಲದಾಗಿತ್ತು?

ಅದಕ್ಕೂ ಒಂದು ವರ್ಷ ಮೊದಲಿನ ಹಾಫ್‌ಮನ್ ಪ್ರಕರಣವನ್ನು ಯಾರೂ ಎತ್ತಲಿಲ್ಲ. ಜನರ ಶಾಂತಿಯ ಬಗ್ಗೆ ಮಾತಾಡುತ್ತಾ ರಷ್ಯಾದ ಆಗಿನ ರಾಜಧಾನಿ ಪೆಟ್ರೋಗ್ರಾಡ್‌ಗೆ ಹೋದವರು ಅಲ್ಲಿಂದ ತಮ್ಮ ದೇಶದ ವಿದೇಶಾಂಗ ಮಂತ್ರಿಗೆ ಗುಟ್ಟಾಗಿ ತಂತಿ ಕಳಿಸಿದ್ದನ್ನು ಹೇಗೆ ಸಮರ್ಥಿಸುತ್ತೀರಿ?

ನಿವೃತ್ತ ಮೇಷ್ಟ್ರು

ದಾಸವಾಳ ಅವರ ಎರಡೂ ಪ್ರಶ್ನೆಗಳು ನ್ಯಾಯವಾದವು. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಯೂರೋಪಿನ ಇತಿಹಾಸ ಪಾಠ ಮಾಡಿದವನು. ಉತ್ತರ ಸ್ವಲ್ಪ ದೀರ್ಘವಾದರೆ ಸೈರಿಸಿಕೊಳ್ಳಬೇಕು.

ಮೊದಲು ಹಾಫ್‌ಮನ್ ಪ್ರಕರಣ. 1917ರ ಫೆಬ್ರುವರಿ ಕ್ರಾಂತಿಯ ನಂತರ ಸ್ವಿಟ್ಜರ್ಲೆಂಡಿನಲ್ಲಿದ್ದ ರಷ್ಯನ್ ದೇಶಭ್ರಷ್ಟರನ್ನು ಜರ್ಮನಿಯ ಮೂಲಕ ಊರಿಗೆ ಕಳುಹಿಸುವ ಮಾತುಕತೆಯನ್ನು ಮೊದಲು ಕೈಗೆತ್ತಿಕೊಂಡವರು ಗ್ರಿಮ್. ಲೆನಿನ್‌ಗೆ ಅವರ ಮೇಲೆ ನಂಬಿಕೆ ಇರಲಿಲ್ಲ, ಕಾಯುವ ತಾಳ್ಮೆಯೂ ಇರಲಿಲ್ಲ. ಹಾಗಾಗಿ ಇನ್ನೊಬ್ಬ ಸ್ವಿಸ್ ಸಮಾಜವಾದಿ ಫ್ರಿಟ್ಸ್ ಪ್ಲಾಟನ್ ಅದನ್ನು ಮುಗಿಸಿಕೊಟ್ಟರು, ಏಪ್ರಿಲ್ 9ರಂದು ಜ್ಯೂರಿಕ್‌ನಿಂದ ಲೆನಿನ್ ಅವರ ಆ ಪ್ರಸಿದ್ಧ ರೈಲು ಪ್ರಯಾಣ ಹೊರಟಿತು. ಗ್ರಿಮ್ ಬಳಿಕ ತಾವೇ ಪೆಟ್ರೋಗ್ರಾಡ್‌ಗೆ ಹೋದರು. ರಷ್ಯಾದೊಂದಿಗೆ ಶಾಂತಿಗೆ ಜರ್ಮನಿಯ ಷರತ್ತುಗಳೇನಿರಬಹುದು ಎಂದು ಅಲ್ಲಿನ ಸ್ವಿಸ್ ರಾಯಭಾರಿಯ ಮೂಲಕ ವಿದೇಶಾಂಗ ಖಾತೆಯ ಮುಖ್ಯಸ್ಥ ಆರ್ಥರ್ ಹಾಫ್‌ಮನ್ ಅವರನ್ನು ಕೇಳಿದರು. ಹಾಫ್‌ಮನ್ ತಂತಿಯಲ್ಲಿ ಉತ್ತರ ಕೊಟ್ಟರು. ತಂತಿಯ ಗುಪ್ತಲಿಪಿಯನ್ನು ಬಿಡಿಸಲಾಯಿತು, ಜೂನ್ ತಿಂಗಳಲ್ಲಿ ಅದು ಪತ್ರಿಕೆಗೆ ಬಂತು. ಪ್ರತ್ಯೇಕ ಶಾಂತಿಯೆಂದರೆ ಫ್ರಾನ್ಸ್, ಬ್ರಿಟನ್‌ಗಳ ಬೆನ್ನಿಗೆ ಇರಿದಂತೆ ಎಂಬ ಕೂಗೆದ್ದಿತು. ಗ್ರಿಮ್ ರಷ್ಯಾದಿಂದ ಹೊರಹಾಕಲ್ಪಟ್ಟರು, ಹಾಫ್‌ಮನ್ ರಾಜೀನಾಮೆ ಕೊಟ್ಟರು, ಅವರ ಜಾಗಕ್ಕೆ ಜಿನೀವಾದ ಗುಸ್ತಾವ್ ಅದೋರ್ ಬಂದರು. ಜಿಮ್ಮರ್‌ವಾಲ್ಡ್ ಚಳವಳಿಯ ಮುಂದಾಳುತನ ಗ್ರಿಮ್ ಕೈತಪ್ಪಿತು, ಕಚೇರಿ ಸ್ಟಾಕ್‌ಹೋಮ್‌ಗೆ ಹೋಯಿತು.

ಇದನ್ನು ನಾನು ಸಮರ್ಥಿಸುವುದಿಲ್ಲ. ಅವರಿಗೆ ಹಣದ ಆಸೆ ಇತ್ತೆಂದಾಗಲಿ, ಜರ್ಮನಿಯ ಚಾಕರಿ ಮಾಡಿದರೆಂದಾಗಲಿ ನಾನು ನಂಬುವುದಿಲ್ಲ. ಆದರೆ ಗುಪ್ತ ರಾಜತಂತ್ರವನ್ನು ಪತ್ರಿಕೆಯಲ್ಲಿ ವರ್ಷಗಟ್ಟಲೆ ಖಂಡಿಸಿದವರು ಅದೇ ಗುಪ್ತ ಬಾಗಿಲನ್ನು ತಟ್ಟಿದ್ದು ತಪ್ಪು.

ಇನ್ನು ಮುಷ್ಕರ. ಅದರ ಮೂಲ ಮಾಸ್ಕೋದಲ್ಲಿರಲಿಲ್ಲ, ಅಡುಗೆಮನೆಗಳಲ್ಲಿತ್ತು. ಯುದ್ಧದ ನಾಲ್ಕು ವರ್ಷದಲ್ಲಿ ಬೆಲೆಗಳು ಎರಡು ಪಟ್ಟಿಗೂ ಮೇಲೇರಿದವು, ಕೂಲಿ ಹಿಂದೆ ಬಿತ್ತು. ಗಡಿ ಕಾಯಲು ಕರೆಸಿಕೊಂಡ ಸೈನಿಕನ ಮನೆಗೆ ಸಂಬಳದ ಬದಲು ಪರಿಹಾರವೇ ಇರಲಿಲ್ಲ. ಬ್ರೆಡ್ಡಿನ ಪಡಿತರ ಶುರುವಾದದ್ದು 1917ರ ಅಕ್ಟೋಬರಿನಲ್ಲಿ. 1918ರಲ್ಲಿ ಸುಮಾರು ಏಳು ಲಕ್ಷ ಜನ ಅಗ್ಗದ ದರದ ಆಹಾರಕ್ಕೆ ಅರ್ಹರೆಂದು ಸರ್ಕಾರವೇ ಗುರುತಿಸಿತ್ತು. ಆಗ ದೇಶದ ಒಟ್ಟು ಜನಸಂಖ್ಯೆ ನಲವತ್ತು ಲಕ್ಷಕ್ಕೆ ಚೂರು ಕಡಿಮೆ. ಇಂತಹ ಹೊತ್ತಿನಲ್ಲಿ ಕಡ್ಡಾಯ ನಾಗರಿಕ ದುಡಿಮೆಯ ಯೋಜನೆಯನ್ನು ಸರ್ಕಾರ ಮುಂದಿಟ್ಟಾಗ, ಫೆಬ್ರುವರಿ 4ರಂದು ಓಲ್ಟನ್ ರೈಲು ಜಂಕ್ಷನ್ ಊರಿನಲ್ಲಿ ಪಕ್ಷದವರೂ ಕಾರ್ಮಿಕ ಸಂಘದವರೂ ಸೇರಿ ಕ್ರಿಯಾಸಮಿತಿ ಕಟ್ಟಿದರು. ನವೆಂಬರಿನಲ್ಲಿ, ರಷ್ಯನ್ ಕ್ರಾಂತಿಯ ಮೊದಲ ವಾರ್ಷಿಕೋತ್ಸವದ ಹೊತ್ತಿಗೆ ಗಲಭೆಯಾದೀತೆಂದು ಸೇನೆಯ ಮುಖ್ಯಸ್ಥ ಜನರಲ್ ಉಲ್ರಿಚ್ ವಿಲ್ಲೆ ಒತ್ತಾಯಿಸಿ ಜ್ಯೂರಿಕ್‌ಗೆ ಸೇನೆ ನುಗ್ಗಿಸಿದ್ದೇ ಕಿಡಿಯಾಯಿತು.

ಆಗ ಸರ್ಕಾರದ ಕೈಯಲ್ಲಿ ಒಂದು ಲಕ್ಷದಷ್ಟು ಸೈನಿಕರಿದ್ದರು, ಬಹುಪಾಲು ಹಳ್ಳಿಗಾಡಿನವರು. ಸ್ಪ್ಯಾನಿಷ್ ಜ್ವರ ಬ್ಯಾರಕ್ಕುಗಳಲ್ಲಿ ಹಬ್ಬಿತ್ತು. ಆ ಜ್ವರಕ್ಕೆ ದೇಶದಲ್ಲಿ ಒಟ್ಟು 24,000ಕ್ಕೂ ಹೆಚ್ಚು ಮಂದಿ ಸತ್ತರು. ಫ್ರೆಂಚ್ ಮಾತಾಡುವ ಪ್ರಾಂತ್ಯಗಳಲ್ಲಿ ಮುಷ್ಕರ ಅಷ್ಟಾಗಿ ಹಿಡಿದಿರಲಿಲ್ಲ. ಗ್ರಿಮ್ ಮತ್ತವರ ಜೊತೆಗಾರರ ಮುಂದೆ ಇದ್ದದ್ದು ಎರಡೇ ದಾರಿ, ನಿಲ್ಲಿಸುವುದು ಅಥವಾ ಮೆಷಿನ್‌ಗನ್ ಎದುರು ಬರಿಗೈಯಲ್ಲಿ ನಡೆಯುವುದು. ಗ್ರೆಂಖೆನ್‌ನ ಮೂವರ ಬಗ್ಗೆ ದಾಸವಾಳ ಅವರು ಕೇಳಿದ್ದಾರೆ. ಮುಷ್ಕರ ಮುಂದುವರಿದಿದ್ದರೆ ಆ ಲೆಕ್ಕ ಮೂರಕ್ಕೆ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಉತ್ತರ. ಇದು ಆ ಮನೆಗಳವರಿಗೆ ಸಮಾಧಾನವಾಗುವ ಉತ್ತರವಲ್ಲ ಎಂಬುದೂ ನನಗೆ ಗೊತ್ತು.

ಕೆಂಪು ದಾಸವಾಳ

ಮೇಷ್ಟ್ರೇ, ನಿಮ್ಮ ಪ್ರಾಮಾಣಿಕತೆಗೆ ಕೃತಜ್ಞತೆಗಳು. ಆದರೂ ಒಂದು ಮಾತು ಉಳಿಯುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಗ್ರಿಮ್ ಅವರೇ ನಾಲ್ಕು ಹಂತದ ಹೋರಾಟದ ಯೋಜನೆ ಮುಂದಿಟ್ಟಿದ್ದರಲ್ಲವೇ? ಪ್ರಚಾರ, ಮೆರವಣಿಗೆ, ಅವಧಿ ಗೊತ್ತುಮಾಡಿದ ಮುಷ್ಕರ, ಕೊನೆಗೆ ವ್ಯವಸ್ಥೆಯನ್ನೇ ಉರುಳಿಸುವ ಅನಿರ್ದಿಷ್ಟ ಮುಷ್ಕರ. ಕಾಗದದ ಮೇಲೆ ನಾಲ್ಕನೆಯ ಹಂತ ಬರೆದು, ಬೀದಿಯಲ್ಲಿ ಮೂರನೆಯದಕ್ಕೇ ನಿಂತರು.

ನಿವೃತ್ತ ಮೇಷ್ಟ್ರು

ನಿಜ. ಆ ನಾಲ್ಕನೆಯ ಹಂತವನ್ನು ಸಮಿತಿಯೇ ಬದಿಗಿಟ್ಟಿತು, ಆದರೆ ವಿರೋಧಿಗಳು ಅದನ್ನು ಮರೆಯಲಿಲ್ಲ. ದೇಶದ ಮೇಲೆ ಪರರ ಸಂಚು ಎಂಬ ಕಥೆಗೆ ಐವತ್ತು ವರ್ಷ ಅದೇ ಸಾಕ್ಷಿಯಾಯಿತು. 1968ರಲ್ಲಿ ವಿಲ್ಲಿ ಗೌಟ್ಷಿ ಎಂಬ ಇತಿಹಾಸಕಾರರು ದಾಖಲೆಗಳನ್ನು ಜಾಲಾಡಿ, ಮುಷ್ಕರಕ್ಕೆ ಹೊರಗಿನ ಅಪ್ಪಣೆ ಇರಲಿಲ್ಲವೆಂದು ತೋರಿಸಿದ ಮೇಲೆಯೇ ಆ ಕಥೆ ಸಡಿಲವಾಯಿತು. ಅಷ್ಟರಲ್ಲಿ ಗ್ರಿಮ್ ತೀರಿಕೊಂಡು ಹತ್ತು ವರ್ಷವಾಗಿತ್ತು.

ಬನಹಟ್ಟಿ ಮಗ್ಗ

ನಾನು ನೇಕಾರರ ಮನೆಯವಳು. ಓದಿದ್ದು ಕಡಿಮೆ, ಆದರೂ ಈ ಚರ್ಚೆಯನ್ನು ಎರಡು ದಿನದಿಂದ ಒಂದಕ್ಷರವೂ ಬಿಡದೆ ಓದುತ್ತಿದ್ದೇನೆ. ಅವರು ಜವಳಿ ಗಿರಣಿಗಳ ಊರಿನವರು ಎಂದಾಗಲೇ ನನಗೆ ಒಂದು ಕುತೂಹಲ ಹುಟ್ಟಿತು. ಮುಷ್ಕರದ ಬೇಡಿಕೆಗಳು ಯಾವುವು? ಅದರಲ್ಲಿ ಹೆಂಗಸರ ಮಾತು ಎಲ್ಲಾದರೂ ಬಂತೇ?

ಆರೆ ದಂಡೆಯಿಂದ

ಅಕ್ಕಾ, ನಿಮ್ಮ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಬೇಕಿತ್ತು. ಒಂಬತ್ತು ಬೇಡಿಕೆಗಳಿದ್ದವು. ಮೊದಲನೆಯದು, ಪ್ರಮಾಣಾನುಗುಣ ಪ್ರಾತಿನಿಧ್ಯದಡಿ, ಅಂದರೆ ಪಕ್ಷಕ್ಕೆ ಬಿದ್ದ ಮತಕ್ಕೆ ತಕ್ಕಷ್ಟು ಸ್ಥಾನ ಸಿಗುವಂತೆ, ಸಂಸತ್ತಿಗೆ ಕೂಡಲೇ ಹೊಸ ಚುನಾವಣೆ. ಎರಡನೆಯದೇ ಹೆಂಗಸರಿಗೆ ಮತದಾನದ ಹಕ್ಕು. ವಾರಕ್ಕೆ 48 ಗಂಟೆಯ ದುಡಿಮೆ, ವೃದ್ಧರಿಗೂ ಅಂಗವಿಕಲರಿಗೂ ವಿಮೆ, ಆಹಾರ ಪೂರೈಕೆಯ ಭದ್ರತೆ, ಸೇನೆಯ ಸುಧಾರಣೆ, ದೇಶದ ಸಾಲದ ಹೊರೆಯನ್ನು ಉಳ್ಳವರು ಹೊರುವುದು, ಇವೂ ಆ ಪಟ್ಟಿಯಲ್ಲಿದ್ದವು.

ಇವುಗಳಲ್ಲಿ ಏನು ಯಾವಾಗ ಬಂತು ಎಂದು ನೋಡಿದರೆ ಆ ದೇಶದ ನಡಿಗೆ ತಿಳಿಯುತ್ತದೆ. 48 ಗಂಟೆಯ ವಾರ ಕಾರ್ಖಾನೆಗಳಿಗೆ ಮರುವರ್ಷವೇ ಬಂತು. ಅಲ್ಲಿಯವರೆಗೆ ಕಾನೂನಿನ ಮಿತಿ 59 ಗಂಟೆಯಾಗಿತ್ತು. 1919ರ ಅಕ್ಟೋಬರಿನ ಚುನಾವಣೆಯಲ್ಲಿ ಸಮಾಜವಾದಿಗಳ ಸ್ಥಾನ 20ರಿಂದ 41ಕ್ಕೆ ಏರಿತು, ದಶಕಗಳಿಂದ ಬಹುಮತ ಹಿಡಿದಿದ್ದ ಉದಾರವಾದಿಗಳು 103ರಿಂದ 60ಕ್ಕೆ ಇಳಿದರು. ವೃದ್ಧಾಪ್ಯ ವಿಮೆಗೆ 1947ರ ಜುಲೈ 6ರ ಜನಮತದಲ್ಲಿ ನೂರಕ್ಕೆ ಎಂಬತ್ತರಷ್ಟು ಒಪ್ಪಿಗೆ ಸಿಕ್ಕಿ, 1948ರ ಜನವರಿ 1ರಂದು ಅದು ಜಾರಿಗೆ ಬಂತು. ಹೆಂಗಸರ ಮತ? ಅದನ್ನು ತೀರ್ಮಾನಿಸಬೇಕಾದವರು ಗಂಡಸರು ಮಾತ್ರ. 1959ರಲ್ಲಿ ತಿರಸ್ಕರಿಸಿದರು. 1971ರ ಫೆಬ್ರುವರಿ 7ರಂದು ಒಪ್ಪಿದರು. ಮುಷ್ಕರದಿಂದ ಲೆಕ್ಕ ಹಾಕಿದರೆ ಐವತ್ತೆರಡು ವರ್ಷ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಅಜ್ಜಿ ತಮ್ಮ ಮೊದಲ ಮತಪತ್ರ ತುಂಬಿದಾಗ ಅವರಿಗೆ ಮೂವತ್ತು ದಾಟಿತ್ತಂತೆ. ಆ ದಿನ ತೊಟ್ಟಿದ್ದ ಕೋಟಿನ ಬಣ್ಣವನ್ನೂ ಅವರು ಹೇಳುತ್ತಾರೆ.

ಗ್ರಿಮ್ ಅವರ ಮನೆಯಲ್ಲೇ ಒಬ್ಬ ಹೋರಾಟಗಾರ್ತಿ ಇದ್ದರು ಎಂಬುದನ್ನೂ ಸೇರಿಸುತ್ತೇನೆ. ಅವರ ಮೊದಲ ಹೆಂಡತಿ ರೋಸಾ ಗ್ರಿಮ್ ಒಡೆಸ್ಸಾದವರು, ಸ್ವತಃ ಬರಹಗಾರ್ತಿ, ಭಾಷಣಕಾರ್ತಿ. ಯುದ್ಧದ ನಡುವೆ ಇಬ್ಬರೂ ಬೇರೆಯಾದರು. ಮುಂದೆ ರೋಸಾ ಸ್ವಿಸ್ ಕಮ್ಯುನಿಸ್ಟ್ ಪಕ್ಷ ಕಟ್ಟಿದವರ ಸಾಲಿಗೆ ಸೇರಿದರು, ರಾಬರ್ಟ್ ಸಮಾಜವಾದಿ ಪಕ್ಷದಲ್ಲೇ ಉಳಿದರು.

ಧಾರವಾಡದ ಓದುಗ

ಇಷ್ಟು ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ.

1919ರ ವಸಂತದಲ್ಲಿ ಸೈನಿಕ ನ್ಯಾಯಾಲಯ ಗ್ರಿಮ್, ಪ್ಲಾಟನ್, ಫ್ರಿಟ್ಸ್ ಷ್ನೈಡರ್ ಮೂವರಿಗೂ ಆರಾರು ತಿಂಗಳು, ನೋಬ್ಸ್‌ಗೆ ನಾಲ್ಕು ವಾರ ಶಿಕ್ಷೆ ಕೊಟ್ಟಿತು. ಮುಷ್ಕರಕ್ಕಾಗಿ 3,500ಕ್ಕೂ ಹೆಚ್ಚು ಜನರ ಮೇಲೆ ಸೈನಿಕ ನ್ಯಾಯಾಂಗ ಕ್ರಮಕ್ಕೆ ತೊಡಗಿತ್ತು, ಬಹುತೇಕ ರೈಲ್ವೆ ನೌಕರರು. ಗ್ರಿಮ್ ಅವರನ್ನು ಇಟ್ಟದ್ದು ಸಿಮ್ಮೆನ್ ಕಣಿವೆಯ ಬ್ಲಾಂಕೆನ್‌ಬುರ್ಗ್ ಕೋಟೆಯಲ್ಲಿ. ಹಿಂದೆ ಬರ್ನ್‌ನ ಶ್ರೀಮಂತ ಮನೆತನಗಳ ಅಧಿಕಾರಿಗಳು ಕಣಿವೆಯ ರೈತರ ಮೇಲೆ ಆಡಳಿತ ನಡೆಸಿದ ಕಟ್ಟಡ ಅದು. ಅದರೊಳಗೆ ಕೂತು ಅವರು ಬರೆದದ್ದು ಆ ರೈತರ, ಕುಶಲಕರ್ಮಿಗಳ ಚರಿತ್ರೆಯನ್ನೇ.

ಸ್ವಿಸ್ ಶಾಲೆಗಳಲ್ಲಿ ಆಗ ಕಲಿಸುತ್ತಿದ್ದ ಚರಿತ್ರೆ ಒಂದು ಒಗ್ಗಟ್ಟಿನ ಕಥೆ: ಬೆಟ್ಟದ ಜನ ಪ್ರಮಾಣ ಮಾಡಿ ಒಂದಾದರು, ಪರಕೀಯರನ್ನು ಓಡಿಸಿದರು, ಅಂದಿನಿಂದ ಇಂದಿನವರೆಗೆ ಸ್ವತಂತ್ರರು. ಗ್ರಿಮ್ ಕೇಳಿದ್ದು, ಯಾರ ಸ್ವಾತಂತ್ರ್ಯ ಎಂದು. 1653ರ ರೈತ ದಂಗೆಯನ್ನೇ ತೆಗೆದುಕೊಳ್ಳಿ. ಮೂವತ್ತು ವರ್ಷಗಳ ಯುದ್ಧ ಮುಗಿದು ಬೆಳೆಯ ಬೆಲೆ ಕುಸಿದಿತ್ತು, ರೈತರ ತಲೆಯ ಮೇಲೆ ಸಾಲ. ಅಂತಹ ಹೊತ್ತಿನಲ್ಲಿ ಬರ್ನ್‌ನ ಆಳುವವರು ತಮ್ಮದೇ ನಾಣ್ಯ ಬಾಟ್ಸೆನ್‌ನ ಬೆಲೆಯನ್ನು ರಾತ್ರೋರಾತ್ರಿ ಅರ್ಧಕ್ಕೆ ಇಳಿಸಿದರು. ಎಂಟ್ಲೆಬೂಖ್ ಕಣಿವೆಯಿಂದ ಹೊತ್ತಿದ ಬೆಂಕಿ ಬರ್ನ್, ಲುಸರ್ನ್, ಬಾಸೆಲ್‌ಗಳ ಹಳ್ಳಿಗಳಿಗೆ ಹಬ್ಬಿತು. ರೈತರು ತಾವೇ ಒಂದು ಒಕ್ಕೂಟ ಕಟ್ಟಿ ನಿಕ್ಲಾಸ್ ಲಾಯೆನ್‌ಬರ್ಗರ್ ಎಂಬವರನ್ನು ಮುಂದಾಳಾಗಿ ಆರಿಸಿದರು. ದಂಗೆ ಮುರಿಯಿತು, ಲಾಯೆನ್‌ಬರ್ಗರ್ ತಲೆಯನ್ನು ಬರ್ನ್‌ನಲ್ಲಿ ಕಡಿದರು.

ಸೋತ ಆರು ತಿಂಗಳಿಗೆ, ಅದೇ ಬರ್ನ್ ಸರ್ಕಾರದ ಹಳೆಯ ಕೋಟೆಯೊಳಗೆ ಕೂತು ಈ ಕಥೆಯನ್ನು ಬರೆಯುವವನ ಮನಸ್ಸಿನಲ್ಲಿ ಏನಿದ್ದಿರಬೇಕು? ಸೋಲು ಎಂಬುದು ಚರಿತ್ರೆಯಲ್ಲಿ ಹೊಸದಲ್ಲ, ಸೋತವರ ಬೇಡಿಕೆ ಸೋಲಿನೊಂದಿಗೆ ಸಾಯುವುದೂ ಇಲ್ಲ ಎಂಬುದನ್ನು ಅವರು ತಮಗೇ ಹೇಳಿಕೊಳ್ಳುತ್ತಿದ್ದರು ಎಂದು ನಾನು ಓದಿಕೊಂಡಿದ್ದೇನೆ. ಇದು ನನ್ನ ಓದು, ಒಪ್ಪದಿರಲು ನೀವು ಸ್ವತಂತ್ರರು.

ನಿವೃತ್ತ ಮೇಷ್ಟ್ರು

ಓದು ಚೆನ್ನಾಗಿದೆ. ವೃತ್ತಿಯ ಇತಿಹಾಸಕಾರನಾಗಿ ಒಂದು ಎಚ್ಚರಿಕೆ ಮಾತ್ರ. ಸೆರೆಯಲ್ಲಿ ಪತ್ರಾಗಾರವಿರಲಿಲ್ಲ, ಇದ್ದದ್ದು ಅಚ್ಚಾದ ಪುಸ್ತಕಗಳು. ಹಾಗಾಗಿ ಹೊಸ ದಾಖಲೆಗಾಗಿ ಅದನ್ನು ಓದಬಾರದು. ಧರ್ಮದ ಜಗಳಗಳನ್ನೆಲ್ಲ ಹೊಟ್ಟೆಪಾಡಿನ ಜಗಳಕ್ಕೆ ಇಳಿಸಿಬಿಡುವ ಆ ಕಾಲದ ಮಾರ್ಕ್ಸ್‌ವಾದಿಗಳ ಅವಸರವನ್ನು ಅದರಲ್ಲಿ ನಿರೀಕ್ಷಿಸಿಯೇ ಓದಬೇಕು. ಆದರೆ ಪ್ರಶ್ನೆ ಕೇಳುವ ಕ್ರಮ ಹೊಸದು. ವಿಶ್ವವಿದ್ಯಾಲಯದ ಇತಿಹಾಸಕಾರರು ಕಾರ್ಮಿಕರನ್ನು ಇತಿಹಾಸದ ವಸ್ತುವೆಂದು ಪರಿಗಣಿಸಲು ಇನ್ನೂ ದಶಕಗಳೇ ಹಿಡಿದವು. 1970ರ ದಶಕದಲ್ಲಿ ಜ್ಯೂರಿಕ್‌ನ ಎಡಪಂಥೀಯ ಯುವಕರು ಪ್ರಕಾಶನ ಶುರುಮಾಡಿದಾಗ ಗ್ರಿಮ್ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದ್ದು ಸುಮ್ಮನೆ ಅಲ್ಲ.

ಅಚ್ಚುಮೊಳೆ

ಆಮೇಲಿನ ನಲವತ್ತು ವರ್ಷದ ಬಗ್ಗೆ ನಾನು ಸ್ವಲ್ಪ ಹೇಳಬಹುದೇ? ಅದನ್ನು ರಾಜಿ ಎಂದು ತಳ್ಳಿಹಾಕುವುದು ನನಗೂ ಸರಿ ಕಾಣುವುದಿಲ್ಲ.

ಕಮ್ಯುನಿಸ್ಟ್ ಪಕ್ಷಗಳ ಕೂಟವಾದ ಮಾಸ್ಕೋದ ಮೂರನೆಯ ಇಂಟರ್‌ನ್ಯಾಷನಲ್ ತನ್ನನ್ನು ಸೇರುವ ಪಕ್ಷಗಳಿಗೆ ವಿಧಿಸಿದ 21 ಷರತ್ತುಗಳನ್ನು ಗ್ರಿಮ್ ಒಪ್ಪಲಿಲ್ಲ. 1920ರ ಪಕ್ಷದ ಕಾರ್ಯಕ್ರಮದಲ್ಲಿ ಕಾರ್ಮಿಕರ ಸರ್ವಾಧಿಕಾರದ ಮಾತನ್ನು ಬರೆದವರೇ ಮಾಸ್ಕೋದ ಅಪ್ಪಣೆಗೆ ಒಲ್ಲೆ ಎಂದರು. ಬರ್ನ್ ನಗರಸಭೆಯ ಆಡಳಿತ ಮಂಡಳಿಯಲ್ಲಿ 1918ರಿಂದಲೇ ಇದ್ದರು. ಅಲ್ಲಿ ಅವರ ಕೈಯಲ್ಲಿದ್ದದ್ದು ನಗರದ ಗ್ಯಾಸು, ನೀರು, ವಿದ್ಯುತ್ತು. 1926ರಲ್ಲಿ ಸಂಸತ್ತಿನ ಅಧ್ಯಕ್ಷರಾಗುವ ಸರದಿ ಬಂದಾಗ ಬಲಪಂಥೀಯ ಬಹುಮತ 1918ನ್ನು ನೆನಪಿಟ್ಟುಕೊಂಡು ಅವರನ್ನು ತಡೆಯಿತು. ಆ ಪೀಠ ಸಿಕ್ಕಿದ್ದು ಇಪ್ಪತ್ತು ವರ್ಷ ತಡವಾಗಿ. ಹಿಟ್ಲರ್ ಗಡಿಯಾಚೆ ಬಂದ ಮೇಲೆ, 1935ರಲ್ಲಿ, ಪಕ್ಷ ದೇಶರಕ್ಷಣೆಯನ್ನು ಒಪ್ಪಿಕೊಂಡಾಗ ಅವರೂ ಜೊತೆಗಿದ್ದರು.

1939ರಲ್ಲಿ ಮತ್ತೆ ಯುದ್ಧ. ಆ ದೇಶದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲವೆಂದೇ ಹೇಳಬೇಕು. ಹೊರಗಿನಿಂದ, ಅದೂ ಮುಖ್ಯವಾಗಿ ಜರ್ಮನಿಯಿಂದ ಬರಬೇಕು. ಯಾವ ಮನೆಗೆ ಎಷ್ಟು ಮೂಟೆ, ಯಾವ ಕಾರ್ಖಾನೆಗೆ ಎಷ್ಟು ವಿದ್ಯುತ್ತು ಎಂದು ತೀರ್ಮಾನಿಸುವ ಇಂಧನ ವಿಭಾಗದ ಮುಖ್ಯಸ್ಥರಾಗಿ ಸರ್ಕಾರ ನೇಮಿಸಿದ್ದು ಒಂದು ಕಾಲದಲ್ಲಿ ತಾನೇ ಸೆರೆಗೆ ಕಳಿಸಿದವರನ್ನು. 1914ರಲ್ಲಿ ಬಡವರ ಒಲೆ ಮೊದಲು ಆರಿತ್ತು. ಈ ಸಲ ಪಡಿತರ ಬೇಗ ಬಂತು, ಸೈನಿಕರ ಮನೆಗಳಿಗೆ 1940ರಿಂದ ಸಂಬಳದ ಪರಿಹಾರ ಬಂತು. ಆ ಪರಿಹಾರಕ್ಕೆ ಕೂಲಿಯಿಂದಲೂ ಮಾಲೀಕರಿಂದಲೂ ಪಾಲು ಸಂಗ್ರಹಿಸಿದ ಮಾದರಿಯ ಮೇಲೆಯೇ ಮುಂದೆ ವೃದ್ಧಾಪ್ಯ ವಿಮೆ ನಿಂತಿತು. ಇದೆಲ್ಲ ಗ್ರಿಮ್ ಒಬ್ಬರ ಸಾಧನೆ ಎಂದು ನಾನು ಹೇಳುತ್ತಿಲ್ಲ. ಆದರೆ 1918ರ ಬೇಡಿಕೆ ಪತ್ರದ ಆಹಾರದ ಸಾಲು, ವಿಮೆಯ ಸಾಲು ಯಾರ ಮನಸ್ಸಿನಿಂದಲೂ ಅಳಿಸಿರಲಿಲ್ಲ.

ಕೆಂಪು ದಾಸವಾಳ

ಒಪ್ಪುತ್ತೇನೆ, ಒಂದು ಮಟ್ಟಿಗೆ. ಪ್ಲಾಟನ್ ಅವರ ದಾರಿಯನ್ನು ನೋಡಿದಾಗ ನನ್ನ ಮಾತು ನನಗೇ ಭಾರವಾಗುತ್ತದೆ. ಕ್ರಾಂತಿಯನ್ನು ನಂಬಿ ಸೋವಿಯತ್ ಒಕ್ಕೂಟಕ್ಕೆ ಹೋದವರನ್ನು ಅದೇ ಒಕ್ಕೂಟ 1938ರಲ್ಲಿ ಬಂಧಿಸಿ 1942ರ ಏಪ್ರಿಲ್ 22ರಂದು ಗುಂಡಿಟ್ಟು ಕೊಂದಿತು. ಅದು ಲೆನಿನ್ ಹುಟ್ಟಿದ ದಿನ. ನೋಬ್ಸ್ 1943ರ ಡಿಸೆಂಬರಿನಲ್ಲಿ ದೇಶದ ಮೊದಲ ಸಮಾಜವಾದಿ ಕೇಂದ್ರ ಮಂತ್ರಿಯಾಗಿ ಆಯ್ಕೆಯಾದರು. ಒಂದೇ ಮೊಕದ್ದಮೆಯಲ್ಲಿ ಶಿಕ್ಷೆಯಾದವರು. ಆದರೂ 1918ರ ಆ ರಾತ್ರಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಇನ್ನೂ ಒಂದು ದಿನ ನಿಂತಿದ್ದರೆ ಹೆಂಗಸರ ಮತದ ಮಾತಾದರೂ ಬರಹದಲ್ಲಿ ಸಿಗುತ್ತಿತ್ತೇನೋ.

ಬನಹಟ್ಟಿ ಮಗ್ಗ

ಅವರ ಕೊನೆಯ ದಿನಗಳು ಹೇಗಿದ್ದವು? ಆ ವೃದ್ಧಾಪ್ಯ ವಿಮೆಯನ್ನು ಅವರು ಕಣ್ಣಾರೆ ಕಂಡರೇ?

ಆರೆ ದಂಡೆಯಿಂದ

ಕಂಡರು, ಅಕ್ಕಾ. ಅದು ಜಾರಿಗೆ ಬಂದಾಗ ಅವರಿಗೆ 66 ವರ್ಷ, ಇನ್ನೂ ಸಂಸದರು. ಜೊತೆಗೆ ಬರ್ನ್‌ನಿಂದ ಲೋಟ್ಷ್‌ಬರ್ಗ್ ಸುರಂಗದ ಮೂಲಕ ಹೋಗುವ ರೈಲ್ವೆ ಕಂಪನಿಯ ನಿರ್ದೇಶಕರೂ ಆಗಿದ್ದರು. 1946ರಿಂದ 1953ರವರೆಗೆ ಆ ಹುದ್ದೆಯಲ್ಲಿದ್ದರು. 1955ರಲ್ಲಿ ಸಂಸತ್ತು ಬಿಟ್ಟರು. ತೀರಿಕೊಂಡದ್ದು 1958ರ ಮಾರ್ಚ್ 8ರಂದು, ಬರ್ನ್‌ನಲ್ಲೇ. ಮಹಿಳಾ ದಿನ. ಹೆಂಗಸರ ಮತಕ್ಕೆ ಇನ್ನೂ ಹದಿಮೂರು ವರ್ಷ ಬಾಕಿಯಿತ್ತು.

ಧಾರವಾಡದ ಓದುಗ

ಎಲ್ಲರಿಗೂ ನನ್ನ ಕೃತಜ್ಞತೆಗಳು. ನನ್ನ ಮಾತನ್ನು ಜಿಮ್ಮರ್‌ವಾಲ್ಡ್‌ನಿಂದ ಶುರುಮಾಡಬೇಕೆಂದಿದ್ದೆ, ಈಗ ಬ್ಲಾಂಕೆನ್‌ಬುರ್ಗ್ ಕೋಟೆಯಿಂದ ಶುರುಮಾಡುತ್ತೇನೆ. ಬನಹಟ್ಟಿಯ ಅಕ್ಕನವರ ಪ್ರಶ್ನೆಗಾಗಿ ಒಂಬತ್ತು ಬೇಡಿಕೆಗಳನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಂದವರಿಗೆಲ್ಲ ಹಂಚುವ ಯೋಚನೆಯಿದೆ. ಅಚ್ಚುಮೊಳೆ ಸರ್, ನಿಮ್ಮ ಊರಿನಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವವರು ಈಗಲೂ ಯಾರಾದರೂ ಇದ್ದಾರೆಯೇ?

ಅಚ್ಚುಮೊಳೆ

ಒಬ್ಬರಿದ್ದಾರೆ, ಮದುವೆಯ ಕರೆಯೋಲೆಗಳನ್ನು ಮಾಡುತ್ತಾರೆ. ಬರಹವನ್ನು ಕಳಿಸಿಕೊಡಿ. ಅವರ ಕೇಸಿನಲ್ಲಿ ಒತ್ತಕ್ಷರಗಳು ಸವೆದಿವೆ, ಆದರೆ ಅಂಕಿಗಳು ಇನ್ನೂ ಚೆನ್ನಾಗಿವೆ. ಎರಡನೆಯ ಬೇಡಿಕೆಯನ್ನು ನಾನೇ ಹೋಗಿ ಜೋಡಿಸಿಕೊಡುತ್ತೇನೆ.